ಕಟ್ಟಿಹಾಕಿದ ಸ್ಟಾರ್ಟರ್

1964ರ ಬೇಸಿಗೆಯ ಒಂದು ಸೋಮವಾರ ಬೆಳಿಗ್ಗೆ, ಸಾದಲಿಗೆ ಹತ್ತಿರದ ಹಳ್ಳಿಯೊಂದರ ಹಿಟ್ಟಿನ ಮಿಷನ್ನಿಗೆ ನನ್ನ ಅಕ್ಕನ ಬಲಗೈ ಸಿಕ್ಕಿತು. ಮಿಷನ್ನು ಭಾವನದು. ಅಕ್ಕನಿಗೆ ಆಗ ಇಪ್ಪತ್ತಮೂರು ವರ್ಷ, ಮಗಳಿಗೆ ಎಂಟು ತಿಂಗಳು. ಪತ್ರಿಕೆಯೊಂದರ ವರದಿಗಾರನಾಗಿದ್ದ ನಾನು ರಜೆಯಲ್ಲಿ ಬಂದಿದ್ದೆ. ಮಗು ನನ್ನ ತೊಡೆಯ ಮೇಲಿತ್ತು.

ಗೋಡೆಯ ಮೇಲೆ ಕಬ್ಬಿಣದ ಡಬ್ಬಿಯಂಥ ಸ್ಟಾರ್ಟರ್. ಕರೆಂಟು ಹೋದರೆ ಅದರ ಹಿಡಿ ತಾನಾಗಿ ಕೆಳಗೆ ಬೀಳುತ್ತಿತ್ತು. ಕರೆಂಟು ಬಂದ ಮೇಲೆ ಯಾರಾದರೂ ಎತ್ತಿದರೆ ಮಾತ್ರ ಮೋಟಾರು ತಿರುಗುತ್ತಿತ್ತು. ಅದನ್ನು ಮಾಡಿದ್ದೇ ಹಾಗೆ.

ಆದರೆ ಕರೆಂಟು ದಿನಕ್ಕೆ ಹತ್ತು ಸಲ ಹೋಗುತ್ತಿತ್ತು. ಭಾವ ಬೀಡಿ ಹಚ್ಚಿ ಆಚೆ ಕೂತರೆ ಸಾಲಿನಲ್ಲಿದ್ದ ಹೆಂಗಸರು ಬಿಡುತ್ತಿರಲಿಲ್ಲ. "ಕರೆಂಟು ಬಂದು ಎಷ್ಟೊತ್ತಾಯ್ತಪ್ಪ! ಆ ಹಿಡಿ ಎತ್ತೋಕೆ ನಿನ್ನ ಮಾವನ ಮನೆಯಿಂದ ಜನ ಬರಬೇಕಾ?" ಕೊನೆಗೆ ಭಾವ ಹಿಡಿಯನ್ನು ಮೇಲಕ್ಕೆತ್ತಿ ಗೋಣಿದಾರದಿಂದ ಬಿಗಿದು ಕಟ್ಟಿದರು. ಕರೆಂಟು ಬಂದ ಕೂಡಲೇ ಮಿಷನ್ನು ತಾನೇ ಹೊರಡತೊಡಗಿತು. ಊರಿಗೆ ಅನುಕೂಲವಾಯಿತು.

ಹಿಂದಿನ ವಾರ ಲೈನ್‌ಮನ್ ಬಂದು ನೋಡಿ, "ಇದೇನು ಎಮ್ಮೇನಾ ಕಟ್ಟಾಕೋಕೆ? ಬಿಚ್ಚಪ್ಪ" ಎಂದಿದ್ದ.

"ಬಿಚ್ಚಿದ್ರೆ ಈ ಹೆಂಗಸ್ರು ನನ್ನ ಕಟ್ಟಾಕ್ತಾರೆ ಅಣ್ಣ" ಎಂದರು ಭಾವ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮಂಗಳವಾರ ಊರಮ್ಮನಿಗೆ ತಂಬಿಟ್ಟಿನ ದೀಪ. ಅದರ ಅಕ್ಕಿಯನ್ನು ಹಿಂದೆ ಒರಳಲ್ಲಿ ಕುಟ್ಟುತ್ತಿದ್ದರು. ಮಿಷನ್ನು ಬಂದ ಮೇಲೆ ಅಲ್ಲೇ ಬೀಸಲು ಹಿರಿಯರು ಒಪ್ಪಿದ್ದರು, ಎರಡು ಕರಾರಿನ ಮೇಲೆ. ಬೀಸುವ ಕಲ್ಲಿನಲ್ಲಿ ಮೆಣಸಿನಕಾಯಿಯ ಪುಡಿ ಒಂದಿಷ್ಟೂ ಉಳಿದಿರಬಾರದು. ಬೀಸುವವನು ಸ್ನಾನ ಮಾಡಿರಬೇಕು.

ಸೋಮವಾರ ಬೆಳಿಗ್ಗೆ ಮೆಣಸಿನಕಾಯಿ ಬೀಸುತ್ತಿದ್ದಾಗಲೇ ಕರೆಂಟು ಹೋಯಿತು. ಭಾವ ಕಲ್ಲಿನ ಮುಚ್ಚಳ ಬಿಚ್ಚಿಟ್ಟು ಸ್ನಾನಕ್ಕೆ ಬಾವಿಯ ಕಡೆ ನಡೆದರು. ಅಷ್ಟರಲ್ಲಿ ಅಕ್ಕ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲಿಗೆ ಗಂಟು ಹಾಕಿ ಬಂದಳು. ಕೈಗೆ ಬಟ್ಟೆ ಸುತ್ತಿ ಕಲ್ಲಿನ ಸಂದಿ ಒರೆಸತೊಡಗಿದಳು.

"ಚೆನ್ನಾಗಿ ಒರ್ಸೇ, ಊರಮ್ಮನ ಬಾಯಿ ಉರಿದೀತು" ಎಂದಳು ಸಾಲಿನಲ್ಲಿದ್ದ ಮುದುಕಿ.

"ನಿನ್ನ ಬಾಯಿಗಿಂತಲಾ ಅಜ್ಜಿ?" ಎಂದಳು ಅಕ್ಕ.

ಆಗ ಕರೆಂಟು ಬಂತು.

ಮಗುವನ್ನು ಯಾರ ಕೈಗೆ ಕೊಟ್ಟೆನೋ ನೆನಪಿಲ್ಲ. ದಾರದ ಗಂಟು ಬಿಚ್ಚಲು ಬರಲಿಲ್ಲ. ಮುದುಕಿ ಸೊಂಟದಿಂದ ಕುಡುಗೋಲು ತೆಗೆದುಕೊಟ್ಟಳು. ದಾರ ಕೊಯ್ದು ಹಿಡಿ ಇಳಿಸಿದೆ. ಭಾವ ಒದ್ದೆ ಪಂಚೆಯಲ್ಲೇ ಓಡಿಬಂದರು.

ಶಿಡ್ಲಘಟ್ಟದವರೆಗೆ ಎತ್ತಿನ ಗಾಡಿ, ಅಲ್ಲಿಂದ ಚಿಕ್ಕಬಳ್ಳಾಪುರಕ್ಕೆ ಬಸ್ಸು. ದಾರಿಯಲ್ಲಿ ಅಕ್ಕ ಒಂದೇ ಮಾತು ಕೇಳಿದಳು: "ಕೈ ಉಳಿಯುತ್ತೇನೋ?" ಉಳಿಯುತ್ತೆ ಎಂದೆ. ಸಂಜೆ ಆಸ್ಪತ್ರೆಯಲ್ಲಿ ಮಣಿಕಟ್ಟಿನಿಂದ ಮೇಲಕ್ಕೆ ಕೈ ಕತ್ತರಿಸಿದರು.

ಮೂರನೆಯ ದಿನ ಪೊಲೀಸಿನವರು ಬಂದರು. "ಸ್ಟಾರ್ಟರ್ ಕಟ್ಟಿದ್ದು ಯಾರಮ್ಮ?"

"ಗೊತ್ತಿಲ್ಲ ಸ್ವಾಮಿ. ಕೈ ಹಾಕಿದೋಳು ನಾನು."

ಭಾವ ಮಂಚದ ಆ ಕಡೆ ನಿಂತಿದ್ದರು. ಪೊಲೀಸಿನವರು ನನ್ನನ್ನೂ ಕೇಳಿದರು. ನಾನು ಅಕ್ಕನ ಮುಖ ನೋಡಿ, ಗೊತ್ತಿಲ್ಲ ಎಂದೆ. ಕೆಲಸಕ್ಕೆ ಸೇರಿದ ಮೇಲೆ ತಿಳಿದೂ ತಿಳಿದೂ ನಾನು ಕೊಟ್ಟ ಸುಳ್ಳು ಹೇಳಿಕೆ ಅದೊಂದೇ.

ಮನೆಗೆ ಬಂದ ಮೇಲೆ ಮಗುವನ್ನು ಎತ್ತಿ ಅಕ್ಕನ ಎದೆಗೆ ಹಿಡಿಯುವುದು ಊರಿಂದ ಬಂದಿದ್ದ ನಮ್ಮ ಅಮ್ಮನ ಕೆಲಸವಾಯಿತು. ಕಟ್ಟಿನ ಬಿಳಿ ಬಟ್ಟೆ ಕಂಡರೆ ಮಗು ಅಳುತ್ತಿತ್ತು. ಹದಿನೈದು ದಿನ ಹೀಗೇ ನಡೆಯಿತು. ಆಮೇಲೆ ಹಾಲು ನಿಂತಿತು. ಭಾವ ಮಿಷನ್ನಿನ ಬಾಗಿಲು ತೆಗೆಯಲೇ ಇಲ್ಲ. ಚಿಂತಾಮಣಿಯವರೊಬ್ಬರು ಬಂದು ಮಿಷನ್ನನ್ನು ಕೊಂಡು, ಬಿಚ್ಚಿಕೊಂಡು ಹೋದರು.

1969ರ ಜೂನ್‌ನಲ್ಲಿ ಮಗಳು ಶಾಲೆಗೆ ಸೇರಿದಳು. ದಿನಾ ಬೆಳಿಗ್ಗೆ ಅಕ್ಕ ಎಡಗೈಯಲ್ಲಿ ಬಾಚಣಿಗೆ ಹಿಡಿದು ಅವಳ ಬೈತಲೆ ತೆಗೆಯುತ್ತಿದ್ದಳು. ಜಡೆ ಹೆಣೆಯುತ್ತಿದ್ದುದು ಭಾವ.