ಬಾಯಮ್ಮನ ಹೊಳೆದಾರಿ

ತನ್ವಿ, ಶಮಂತ, ಮೊನ್ನೆ ಅಲ್ ರಯ್ಯಾನಿನ ಪಾರ್ಕಿನಲ್ಲಿ ನೀವು ಸೈಕಲ್ ಓಡಿಸುತ್ತಿದ್ದಾಗ ಗಿಡಗಳಿಗೆ ನೀರು ಬಿಟ್ಟರಲ್ಲ, ಆಗ ಕಣಗಿಲೆಯ ಬುಡದಿಂದ ಒದ್ದೆ ಮಣ್ಣಿನ ವಾಸನೆ ಬಂತು. ನಾನು ಬೆಂಚಿನ ಮೇಲೆ ಕುಳಿತುಬಿಟ್ಟೆ. ಕಾಲು ನೋವಾ ಅಜ್ಜಿ ಎಂದು ತನ್ವಿ ಕೇಳಿದಳು. ಹೌದೆಂದೆ. ಕಾಲು ನೋಯುತ್ತಿರಲಿಲ್ಲ...

ನಿಮ್ಮ ಅಪ್ಪ ಊರಿನಲ್ಲಿ ಕಾಲೇಜು ಓದುತ್ತಿದ್ದಾಗ ನಾನೂ ನಿಮ್ಮ ಅಜ್ಜನೂ ಇಲ್ಲೇ ದೋಹಾದ ನಜ್ಮಾ ಬಡಾವಣೆಯ ಒಂದು ಹಳೆಯ ಕಟ್ಟಡದಲ್ಲಿದ್ದೆವು. ಎದುರಿನ ಕೋಣೆಯಲ್ಲಿ ಉಡುಪಿ ಕಡೆಯ ಬಾಯಮ್ಮ ಇದ್ದರು. ನಮ್ಮಲ್ಲಿ ಕ್ರೈಸ್ತರ ಹೆಂಗಸರನ್ನು ಹಾಗೆ ಕರೆಯುವುದು ರೂಢಿ. ಗಂಡ ಇರಲಿಲ್ಲ, ಮಗಳು ಊರಿನಲ್ಲಿ ಅಜ್ಜಿಯ ಬಳಿ ಓದುತ್ತಿದ್ದಳು. ದೋಹಾಕ್ಕೆ ಬರುವ ಮೊದಲು ಅವರು ಇಟಲಿಯಲ್ಲಿ ಒಬ್ಬ ಮುದುಕಿಯನ್ನು ನೋಡಿಕೊಳ್ಳುತ್ತಿದ್ದರಂತೆ. ಗಾಲಿಕುರ್ಚಿಯಲ್ಲಿ ಅವಳನ್ನು ಕೂರಿಸಿ, ದಿನವೂ ರಕ್ಷಿತ ಕಾಡಿನೊಳಗಿನ ಹೊಳೆಬದಿಯ ದಾರಿಯಲ್ಲಿ ತಳ್ಳಿಕೊಂಡು ಹೋಗುವುದು. ಬಿಸಿಲು ನೆಲಕ್ಕೇ ಬೀಳದ ದಾರಿ. ಎಡಕ್ಕೆ ನೀರು, ಬಲಕ್ಕೆ ಬಂಡೆ, ಕೊನೆಗೊಂದು ಕಲ್ಲಿನ ಸೇತುವೆ.

ನನಗೆ ಸಕ್ಕರೆ ಕಾಯಿಲೆ ಬಂದು ಡಾಕ್ಟರು ನಡೆಯಲು ಹೇಳಿದರು. ಆ ಸೆಕೆಯಲ್ಲಿ ಹೊರಗೆ ನಡೆಯುವುದೆಲ್ಲಿ? ನನಗೋ ಒಬ್ಬಳೇ ಮೆಟ್ಟಿಲಿಳಿಯಲೂ ನಾಚಿಕೆ. ಬಾಯಮ್ಮ ಕೈಹಿಡಿದು ಕಾರಿಡಾರಿನಲ್ಲೇ ಆ ದಾರಿ ನಡೆಸಿದರು. ಸೋರುವ ವಾಟರ್ ಕೂಲರ್ ಹೊಳೆ, ಒಣಗಲು ಹಾಕಿದ ಬೆಡ್‌ಶೀಟು ಮರದ ನೆರಳು, ಲಿಫ್ಟಿನ ಬಾಗಿಲು ಅಂಜೂರದ ಮರ. ಹೊಳೆಯುದ್ದಕ್ಕೂ ಕಣಗಿಲೆ ಉಂಟು, ನಮ್ಮೂರಿನದೇ, ಎನ್ನುತ್ತಿದ್ದರು. ನಾನು ನಿಂತರೆ ಬಿಡುತ್ತಿರಲಿಲ್ಲ.

"ಎಂತ ಅಕ್ಕ, ಇಷ್ಟು ಬೇಗ ಸುಸ್ತಾ? ಸೇತುವೆ ಇನ್ನೂ ಬರ್ಲಿಲ್ಲ ಮಾರ್ರೆ. ನನ್ನ ಮುದುಕಿಯಾದ್ರೆ ಕುರ್ಚಿಯಲ್ಲಿ ಕೂತಿದ್ಲು, ನಿಮ್ಮನ್ನು ತಳ್ಳುವವರು ಯಾರು?"

ಹೇಳುವಾಗ ಉಬ್ಬಸ ಅವರಿಗೇ. ಆಸ್ತಮಾದ ನೀಲಿ ಪಂಪನ್ನು ಬಾಯಿಗಿಟ್ಟು ಎರಡು ಸಲ ಎಳೆದುಕೊಂಡು ಮತ್ತೆ ನಡೆಯುತ್ತಿದ್ದರು.

ಒಂದು ಬೆಳಿಗ್ಗೆ ಹೊರಗೆ ಧೂಳುಗಾಳಿ. ಅವರಿಗೆ ಒಂದು ಕ್ಲಿನಿಕ್ಕಿನಲ್ಲಿ ಇಂಟರ್‌ವ್ಯೂ. ಕೆಲಸ ಸಿಕ್ಕರೆ ಮಗಳನ್ನು ಕರೆಸಿಕೊಳ್ಳುವ ಆಸೆ. ನಮ್ಮ ಬಾಗಿಲಲ್ಲಿ ನಿಂತು, ಪಂಪನ್ನು ಚಪ್ಪಲಿ ಸ್ಟ್ಯಾಂಡಿನ ಮೇಲಿಟ್ಟು, ಮೂಗಿಗೆ ದುಪಟ್ಟಾ ಬಿಗಿದುಕೊಂಡು ಹೊರಟರು. ಪಂಪು ಅಲ್ಲೇ ಉಳಿದದ್ದು ನನ್ನ ಕಣ್ಣಿಗೆ ಬಿದ್ದಾಗ ಅವರು ಮೆಟ್ಟಿಲ ತಿರುವಿನಲ್ಲಿದ್ದರು. ಕರೆಯಲು ಬಾಯಿ ತೆರೆದೆ. ಒಳ್ಳೆಯ ಕೆಲಸಕ್ಕೆ ಹೊರಟವರನ್ನು ಹಿಂದಿನಿಂದ ಕರೆಯಬಾರದೆಂದು ಕೇಳಿ ಬೆಳೆದವಳು ನಾನು. ಓಡಿಹೋಗಿ ಕೊಡೋಣವೆಂದರೆ ನೈಟಿಯಲ್ಲಿದ್ದೆ, ಮೆಟ್ಟಿಲಲ್ಲಿ ಗಂಡಸರಿದ್ದರು. ಸೀರೆ ಉಟ್ಟು ಇಳಿಯುವಷ್ಟರಲ್ಲಿ ಅವರು ಕಾಣಲಿಲ್ಲ ಎಂದು ನಿಮ್ಮ ಅಜ್ಜನಿಗೆ ಹೇಳಿದ್ದೆ. ಸುಳ್ಳು. ನಾನು ಇಳಿಯಲೇ ಇಲ್ಲ.

ಬಸ್ ಸ್ಟಾಪಿನಲ್ಲಿ ಉಸಿರು ಸಿಗದೆ ಬಿದ್ದರಂತೆ. ಆಂಬುಲೆನ್ಸ್ ಬರುವಾಗ ಜೀವ ಇರಲಿಲ್ಲ...

ಊರಿಗೆ ಕಳಿಸಲು ಅವರ ಸಾಮಾನು ಕಟ್ಟಿದವಳು ನಾನೇ. ಹೆದರಿ, ಆ ಪಂಪನ್ನು, ಆಸ್ಪತ್ರೆಯವರು ಮರಳಿಸಿದ್ದ ಅವರ ಅಂದಿನ ಕೈಚೀಲದೊಳಗೆ ಇಟ್ಟುಬಿಟ್ಟೆ. ತಿಂಗಳು ಕಳೆದು ಮಗಳು ಫೋನು ಮಾಡಿದಳು.

"ಆಂಟಿ, ಪಂಪು ಬ್ಯಾಗಲ್ಲೇ ಇತ್ತಲ್ಲ. ಅಮ್ಮನಿಗೆ ತೆಗಿಲಿಕ್ಕೂ ಆಗ್ಲಿಲ್ವಾ? ಅಲ್ಲಿದ್ದವರು ಒಬ್ರಾದ್ರೂ ತೆರೆದು ನೋಡ್ಲಿಲ್ವಾ?"

ನಾನು ಅತ್ತೆ. ಅವಳೇ ನನ್ನನ್ನು ಸಮಾಧಾನ ಮಾಡಿದಳು.

ಈಗ ಆ ಕಟ್ಟಡವಿಲ್ಲ, ನಿಮ್ಮ ಅಜ್ಜನೂ ಇಲ್ಲ. ಬಾಯಮ್ಮನ ಮಗಳು ಮಂಗಳೂರಿನಲ್ಲಿದ್ದಾಳೆ. ಪ್ರತಿ ಕ್ರಿಸ್ಮಸ್ಸಿಗೆ ಅವಳು ಕಳಿಸುವ ಕುಸ್ವಾರ್ ತಿಂಡಿಯನ್ನು ನಾನು ಮುಟ್ಟದೆ ನಿಮಗೇ ಕೊಡುತ್ತೇನೆ. ಸಕ್ಕರೆ ಕಾಯಿಲೆಗೆ ಹೆದರಿ ಎಂದು ನೀವು ತಿಳಿದಿದ್ದೀರಿ. ಬಸ್ ಸ್ಟಾಪಿನಲ್ಲಿದ್ದ ಯಾರೋ ಪರದೇಶಿಗಳನ್ನು ಅವಳು ಇಂದಿಗೂ ಶಪಿಸುತ್ತಿರಬಹುದು. ಅವಳೆದುರು ಹೇಳುವ ಧೈರ್ಯ ನನಗೆ ಬರಲಿಲ್ಲ, ಇನ್ನು ಬರುವುದೂ ಇಲ್ಲ. ನಿಮಗೆ ಕನ್ನಡ ಓದುವುದು ಕಷ್ಟ, ಗೊತ್ತು. ಓದದಿದ್ದರೂ ಈ ಹಾಳೆಗಳನ್ನು ಜೋಪಾನವಾಗಿಡಿ ಮಕ್ಕಳೇ. ನಾನು ಹೋದ ಮೇಲೆ ಅವಳ ಕೈಗೆ ಕೊಡಿ.