ದೊಡ್ಡಮ್ಮ ನುಂಗಿದ ರೇಷ್ಮೆ

ಕಳೆದ ತಿಂಗಳ ಒಂದು ಸೋಮವಾರ ಬೆಳಿಗ್ಗೆ ನಮ್ಮ ಹೆಡ್‌ಮಾಸ್ಟರಿಗೆ ಫೋನ್ ಮಾಡಿ ಅರ್ಧ ದಿನದ ರಜೆ ಕೇಳಿದೆ.

"ಯಾಕಮ್ಮ, ಏನಾಯ್ತು?"

"ನಮ್ಮ ದೊಡ್ಡಮ್ಮನಿಗೆ ಆಪರೇಷನ್ ಇರ್ಬೋದು ಸಾರ್."

"ಅಯ್ಯೋ ಪಾಪ. ವಯಸ್ಸೆಷ್ಟು ಅವರಿಗೆ?"

"ಏಳು."

"ಯಾವ ಆಸ್ಪತ್ರೆ ಅಂದ್ರಿ?"

"ಪಶು ಆಸ್ಪತ್ರೆ ಸಾರ್."

ರಜೆ ಸಿಕ್ಕಿತು. (ಜೊತೆಗೆ ಸ್ಟಾಫ್ ರೂಮಿಗೆ ಒಂದು ವಾರಕ್ಕಾಗುವಷ್ಟು ನಗುವೂ ಸಿಕ್ಕಿತು, ಅದು ಬೇರೆ ವಿಷಯ.)

ದೊಡ್ಡಮ್ಮ ನಮ್ಮ ಮನೆಯ ಕೋಳಿ. ನಾಟಿ ಹೇಂಟೆ. ಏಳು ವರ್ಷದ ಹಿಂದೆ ನಮ್ಮತ್ತೆ ತವರೂರು ಸಾದಲಿಗೆ ಹೋದಾಗ ಬುಟ್ಟಿಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದ ಮರಿ. ಶಿಡ್ಲಘಟ್ಟದ ನಮ್ಮ ಹಿತ್ತಲಲ್ಲಿ ಅದರ ನಂತರ ಬಂದ ಎಷ್ಟೋ ಕೋಳಿಗಳು ಹೋದವು, ಇದು ಉಳಿಯಿತು. ಹಿರಿಯಳಾದ್ದರಿಂದ ದೊಡ್ಡಮ್ಮ. ಮೊಟ್ಟೆ ಇಡುವುದನ್ನು ನಿಲ್ಲಿಸಿ ಎಷ್ಟೋ ಕಾಲವಾಯಿತು. ಆದರೂ ಕಾಳು ಹಾಕಿದರೆ ಮೊದಲ ಕೊಕ್ಕು ಅದರದ್ದೇ. ಉಳಿದವು ಕಾಯಬೇಕು.

ಅಂಥ ದೊಡ್ಡಮ್ಮ ಎರಡು ದಿನದಿಂದ ಮೂಲೆ ಹಿಡಿದು ನಿಂತಿತ್ತು. ರೆಕ್ಕೆ ಉಬ್ಬಿಸಿಕೊಂಡು, ಕಣ್ಣು ಮುಚ್ಚಿಕೊಂಡು. ಕೆಂಪಗಿದ್ದ ಜುಟ್ಟು ಬಿಳಿಚಿತ್ತು. ನಿನ್ನೆ ಮೊನ್ನೆ ಬಂದ ಮರಿಗಳು ಬಂದು ಕುಕ್ಕಿದರೂ ತಿರುಗಿ ನೋಡುತ್ತಿರಲಿಲ್ಲ.

ನಾನು ಬಯಾಲಜಿ ಟೀಚರ್. ಹದಿನಾಲ್ಕು ವರ್ಷದಿಂದ ಚಿಕ್ಕಬಳ್ಳಾಪುರದ ಹೈಸ್ಕೂಲಿನಲ್ಲಿ ಜೀರ್ಣಾಂಗವ್ಯೂಹದ ಚಿತ್ರ ಬಿಡಿಸಿ ಭಾಗಗಳನ್ನು ಗುರುತಿಸಿ ಎಂದು ಮಾರ್ಕ್ಸ್ ಕೊಡುವವಳು. ಕೋಳಿಯನ್ನು ನೋಡಿದೆ, ಮೊಬೈಲ್ ನೋಡಿದೆ, ತೀರ್ಪು ಕೊಟ್ಟೆ: "ಶೀತ ಆಗಿದೆ ಅತ್ತೆ."

ನಮ್ಮ ಯಜಮಾನರು ಲೆಕ್ಕದ ಮೇಷ್ಟ್ರು. ಅವರದು ಇನ್ನೂ ಚಿಕ್ಕ ತೀರ್ಪು. "ವಯಸ್ಸಾಯ್ತು ಕಣಮ್ಮ. ಬಿಟ್ಬಿಡು, ಅದರ ಪಾಡಿಗೆ ಅದು ಹೋಗುತ್ತೆ."

ಅತ್ತೆ ಹಿತ್ತಲ ಮೆಟ್ಟಿಲ ಮೇಲೆ ಕೂತು "ರಾ ತಲ್ಲಿ, ರಾ" ಎಂದು ಕರೆದು ಕೋಳಿಯನ್ನು ಮಡಿಲಿಗೆ ಎತ್ತಿಕೊಂಡರು. (ನಮ್ಮ ಜೊತೆ ಕನ್ನಡ, ಕೋಳಿಗಳ ಜೊತೆ ತೆಲುಗು. ಪ್ರೀತಿ ಯಾವ ಭಾಷೆಯಲ್ಲಿ ಜಾಸ್ತಿ ಎಂದು ನಾನು ಕೇಳಲು ಹೋಗಿಲ್ಲ.) ಕತ್ತಿನ ಬುಡದಲ್ಲಿ ನಿಂಬೆಹಣ್ಣಿನ ಗಾತ್ರದ ಗಂಟು. ಕೋಳಿ ನುಂಗಿದ್ದೆಲ್ಲ ಮೊದಲು ಹೋಗಿ ಕೂರುವುದು ಅಲ್ಲಿರುವ ಚೀಲದಲ್ಲಿ. ಬೆಳಗಾಗುವಷ್ಟರಲ್ಲಿ ಅದು ಖಾಲಿಯಾಗಿರಬೇಕು. ಇದು ಖಾಲಿಯಾಗಿರಲಿಲ್ಲ.

ಅತ್ತೆ ಕಣ್ಣು ಮುಚ್ಚಿ ಆ ಗಂಟನ್ನು ಎರಡು ಬೆರಳಲ್ಲಿ ಮೆಲ್ಲಗೆ ಹೊರಳಿಸಿದರು. ಒಂದು ನಿಮಿಷವಾಯಿತು, ಎರಡಾಯಿತು.

"ಇದು ಕಾಳಲ್ಲಮ್ಮ. ಕಲ್ಲೂ ಅಲ್ಲ. ಎಳೆ."

"ಎಳೆನಾ?"

"ರೇಷ್ಮೆ ಎಳೆ ಕಣೇ. ಸುತ್ಕೊಂಡು ಉಂಡೆ ಆಗಿಬಿಟ್ಟಿದೆ."

ನಮ್ಮ ಹಿಂದಿನ ಗಲ್ಲಿಯಲ್ಲಿ ರೇಷ್ಮೆ ನೂಲು ತೆಗೆಯುವ ಶೆಡ್ಡುಗಳಿವೆ. ನೂಲು ತೆಗೆದ ಮೇಲೆ ಗೂಡಿನೊಳಗಿನ ಬೆಂದ ಹುಳು ಉಳಿಯುತ್ತದೆ. ಕೋಳಿಗಳಿಗೆ ಅದೆಂದರೆ ಪ್ರಾಣ. ಹುಳದ ಮೈಗೆ ಎಳೆ ಅಂಟಿರುತ್ತದೆ ಎಂದು ಅವಕ್ಕೇನು ಗೊತ್ತು? ಹೊರಗಿನಿಂದ ಮುಟ್ಟಿದರೆ ಅದು ಗೊತ್ತಾಗುತ್ತದೆಯೇ? ನನಗೆ ನಂಬಿಕೆ ಬರಲಿಲ್ಲ. ಆದರೆ ಅತ್ತೆ ಆಗಲೇ ರಟ್ಟಿನ ಡಬ್ಬ ಹುಡುಕುತ್ತಿದ್ದರು. ಹಾಗಾಗಿ ಆ ಫೋನು, ಆ ರಜೆ.

ಪಶು ಆಸ್ಪತ್ರೆಯಲ್ಲಿ ನಮ್ಮ ಮುಂದೆ ಎರಡು ಹಸು, ಒಂದು ಮೇಕೆ, ಒಂದು ನಾಯಿ. ಹಸು ಹಿಡಿದುಕೊಂಡಿದ್ದವರು ಡಬ್ಬದೊಳಗೆ ಇಣುಕಿ, "ಇದಕ್ಕೆ ಔಷಧಿ ಯಾಕಮ್ಮ? ಮಸಾಲೆ ಅರೆದ್ರೆ ಸಾಕಲ್ವಾ?" ಅಂದರು. ಸುತ್ತ ಇದ್ದವರು ನಕ್ಕರು. ನಾನೂ ಹಲ್ಲು ಕಿರಿದೆ. ಅತ್ತೆ ನಗಲಿಲ್ಲ.

"ನಿಮ್ಮನೇಲಿ ಯಾರಿಗಾದ್ರೂ ಹುಷಾರಿಲ್ದಿದ್ರೆ ಹಂಗೇ ಮಾಡ್ತೀರೇನಪ್ಪ?"

ಆಮೇಲೆ ಯಾರೂ ನಗಲಿಲ್ಲ.

ಡಾಕ್ಟರ್ ಚಿಕ್ಕ ವಯಸ್ಸಿನ ಹುಡುಗಿ. ಹೊಸದಾಗಿ ಬಂದವರು, ಆದರೆ ಕೋಳಿಯನ್ನು ಹಿಡಿದ ರೀತಿಯಲ್ಲೇ ನನಗೆ ಧೈರ್ಯ ಬಂತು. ಮುಟ್ಟಿ ನೋಡಿ, "ಕಾಳು ಕಟ್ಕೊಂಡಿರ್ಬೋದು. ಎಣ್ಣೆ ಕುಡಿಸಿ ಎರಡು ದಿನ ನೋಡೋಣ" ಅಂದರು.

"ರೇಷ್ಮೆ ಡಾಕ್ಟ್ರಮ್ಮ. ಎಣ್ಣೆಗೆ ಕರಗಲ್ಲ. ಎರಡು ದಿನ ಇದು ತಡೆಯಲ್ಲ."

"ಹೇಗೆ ಹೇಳ್ತೀರ ಅಜ್ಜಿ?"

ಇಲ್ಲಿ ನಿಮಗೊಂದು ವಿಷಯ ಹೇಳಬೇಕು. ನಮ್ಮತ್ತೆ ನಾರಾಯಣಮ್ಮ ಇಪ್ಪತ್ತಾರು ವರ್ಷ ನೂಲು ತೆಗೆದವರು. ಕುದಿಯುವ ನೀರಿನ ಮುಂದೆ ಕೂತು, ಬೆಂದ ಗೂಡಿನ ಮೇಲೆ ಬೆರಳಾಡಿಸಿ, ಕೂದಲಿಗಿಂತ ಸಣ್ಣ ಎಳೆಯ ತುದಿ ಹುಡುಕಿ ಎಳೆಯುವ ಕೆಲಸ. ಅವರ ಬೆರಳ ತುದಿಗಳು ಬಿಳಿಚಿ, ಸುಕ್ಕುಗಟ್ಟಿ, ಅಲ್ಲಲ್ಲಿ ಒಡೆದಿವೆ. ಯಾರ ಮನೆಯ ಫಂಕ್ಷನ್ನಿಗೆ ಹೋದರೂ ಅವರು ಕೈಗಳನ್ನು ಸೆರಗಿನೊಳಗೆ ಇಟ್ಟುಕೊಳ್ಳುತ್ತಾರೆ. ಒಮ್ಮೆ ನಮ್ಮ ಸ್ಕೂಲ್ ಡೇಗೆ ಬಂದಾಗಲೂ ಹಾಗೆಯೇ. ಹೂಗುಚ್ಛ ಕೊಡಲು ಬಂದ ಹುಡುಗಿಯ ಮುಂದೆ ಕೈಚಾಚಲಿಲ್ಲ, ನಾನೇ ತೆಗೆದುಕೊಂಡೆ. ಯಾಕೆ ಎಂದು ನಾನು ಕೇಳಲಿಲ್ಲ. ಗೊತ್ತಿದ್ದೂ ಕೇಳಲಿಲ್ಲ ಎಂಬುದೇ ಸರಿ.

ಆ ದಿನ ಅತ್ತೆ ಎರಡೂ ಕೈಗಳನ್ನು ಡಾಕ್ಟರ ಮೇಜಿನ ಮೇಲೆ ಅಂಗೈ ಮೇಲಾಗಿ ಇಟ್ಟರು.

"ಹಿಂಗೆ ಹೇಳ್ತೀನಿ" ಅಂದರು.

ಡಾಕ್ಟರ್ ಆ ಕೈಗಳನ್ನು ನೋಡಿದರು. ಶಿಡ್ಲಘಟ್ಟದಲ್ಲಿ ಕೆಲಸ ಮಾಡುವವರಿಗೆ ಅದೇನೆಂದು ಬಿಡಿಸಿ ಹೇಳಬೇಕಿಲ್ಲ. ಮತ್ತೆ ಕೋಳಿಯ ಕತ್ತು ಮುಟ್ಟಿದರು. ಈ ಸಲ ನಿಧಾನವಾಗಿ. ಕೊನೆಗೆ, "ಓಪನ್ ಮಾಡೇ ಬಿಡೋಣ. ಆದರೆ ವಯಸ್ಸಾದ ಕೋಳಿ, ಏನು ಬೇಕಾದರೂ ಆಗಬಹುದು" ಅಂದರು. ಅತ್ತೆ ತಲೆಯಾಡಿಸಿದರು.

ಪುಕ್ಕ ಕಿತ್ತು, ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಹೆಬ್ಬೆರಳಿನಷ್ಟಗಲ ಕುಯ್ದರು. ಒಳಗಿಂದ ಬಂದದ್ದು ಕೆಟ್ಟ ವಾಸನೆಯ ಕಂದು ಉಂಡೆ. ಡಾಕ್ಟರ್ ಇಕ್ಕಳದಲ್ಲಿ ಹಿಡಿದು ಎಳೆದರು. ಅರ್ಧ ಬಂತು, ಅರ್ಧ ಬರಲಿಲ್ಲ. ಎಳೆ ತಂತಿಯಂತೆ ಬಿಗಿಯಾಯಿತು. ಇನ್ನೊಂದು ತುದಿ ಎಲ್ಲೋ ಕೆಳಗಿಳಿದು ಸಿಕ್ಕಿಕೊಂಡಿತ್ತು.

"ಎಳೀಬೇಡಮ್ಮ!" ಅತ್ತೆ ಹೆಚ್ಚುಕಮ್ಮಿ ಕಿರುಚಿದರು. "ಎಳೆದ್ರೆ ಒಳಗೆ ಕುಯ್ಯುತ್ತೆ. ಬೆಚ್ಚಗಿನ ನೀರು ಹಾಕು. ನೆನೆದ್ರೆ ಅಂಟು ಬಿಡುತ್ತೆ."

ಬೆಚ್ಚಗಿನ ನೀರು ಬಂತು. ಡಾಕ್ಟರ್ ಅತ್ತೆಯ ಕೈಗಳನ್ನು ಎರಡು ಸಲ ಸೋಪಿನಲ್ಲಿ ತೊಳೆಸಿ, ಸ್ಪಿರಿಟ್ ಹಾಕಿಸಿ, ಗ್ಲೌಸ್ ಮುಂದೆ ಹಿಡಿದರು.

"ಅದು ಹಾಕ್ಕೊಂಡ್ರೆ ನಂಗೆ ಕಣ್ಣು ಕಟ್ಟಿದಂಗೆ."

ಡಾಕ್ಟರ್ ಗ್ಲೌಸ್ ಪಕ್ಕಕ್ಕಿಟ್ಟು ಜಾಗ ಬಿಟ್ಟುಕೊಟ್ಟರು.

ಅದನ್ನು ಹೇಗೆ ವರ್ಣಿಸಲಿ? ಹೊರಗೆ ಬಂದಿದ್ದ ಉಂಡೆಯನ್ನು ಅತ್ತೆ ನೀರಿನಲ್ಲಿ ನೆನೆಸಿದರು. ಬೆರಳ ತುದಿಯಲ್ಲಿ ಎರಡು ಸಲ ಸವರಿ, ಒಂದು ಎಳೆಯನ್ನು ಬೇರೆ ಮಾಡಿದರು. ನನಗೆ ಅದು ಕಾಣಿಸಲೂ ಇಲ್ಲ. ಅದನ್ನು ಬಿಡಿಸಿದ ಮೇಲೆ ಇನ್ನೊಂದು. ಸಡಿಲವಾದಷ್ಟು ಮೇಲಕ್ಕೆ ತರುವುದು, ಬಿಗಿಯಾದರೆ ನಿಲ್ಲಿಸುವುದು, ಮತ್ತೆ ನೀರು. ದೊಡ್ಡಮ್ಮನ ತಲೆ ಹಿಡಿದುಕೊಂಡು ನಾನು ನೋಡುತ್ತಿದ್ದೆ. ಕಾಲು ಗಂಟೆಯಾಗಿರಬಹುದು. ಕೊನೆಯ ಎಳೆ ಸದ್ದಿಲ್ಲದೆ ಹೊರಬಂತು, ತುಂಡಾಗದೆ.

"ನನ್ನ ಇಕ್ಕಳದಿಂದ ಇದು ಆಗ್ತಿರಲಿಲ್ಲ ಅಜ್ಜಿ" ಅಂದರು ಡಾಕ್ಟರ್. ಹೊಲಿಗೆ ಹಾಕುತ್ತಲೇ ಅಂದರು, ಮುಖಸ್ತುತಿಯ ದನಿಯೇ ಅಲ್ಲ. ಆ ಮಾತು ಕೇಳುತ್ತಾ ನನ್ನ ಎದೆ ಉಬ್ಬಿದ್ದು ನಿಜ, ಜೊತೆಗೆ ಸ್ಕೂಲ್ ಡೇ ಹೂಗುಚ್ಛ ನೆನಪಾಗಿ ಚುಚ್ಚಿದ್ದೂ ನಿಜ.

ಕೋಳಿ ಅಲ್ಲಿಗೆ ಉಳಿಯಿತು ಎಂದುಕೊಳ್ಳಬೇಡಿ. ಕಷ್ಟ ಶುರುವಾದದ್ದೇ ಮನೆಗೆ ಬಂದ ಮೇಲೆ.

ಒಲೆಯ ಪಕ್ಕದ ಬೆಚ್ಚಗಿನ ಮೂಲೆಯಲ್ಲಿ ರಟ್ಟಿನ ಡಬ್ಬ, ಅದರೊಳಗೆ ನನ್ನ ಹಳೆಯ ಕಾಟನ್ ಸೀರೆ. ಮೂರು ದಿನ ಬರೀ ಗ್ಲೂಕೋಸ್ ನೀರು, ಔಷಧಿ. ಫಿಲ್ಲರಿನಲ್ಲಿ ಕೊಕ್ಕಿನ ಬದಿಗೆ ಒಂದೊಂದೇ ಹನಿ. ಬೆಳಗಿನ ಡ್ಯೂಟಿ ನನ್ನದು. ಮೊದಲ ದಿನ ಔಷಧಿಯೆಲ್ಲ ನನ್ನ ಸೀರೆಗೆ. ಎರಡನೇ ದಿನ ಅರ್ಧ ಸೀರೆಗೆ. ಮೂರನೇ ದಿನ ದೊಡ್ಡಮ್ಮ ಕೊಸರಾಡಲಿಲ್ಲ. ಒಂದು ಹನಿಯೂ ಚೆಲ್ಲಲಿಲ್ಲ. ಅದಕ್ಕೇ ನನಗೆ ಭಯವಾಯಿತು. ಕತ್ತು ನನ್ನ ಅಂಗೈ ಮೇಲೆ ಒರಗಿತ್ತು, ತೂಕವೇ ಇರಲಿಲ್ಲ.

"ಅತ್ತೆ, ಸಾಕು ಅನ್ಸುತ್ತೆ. ಯಾಕೆ ಹಿಂಸೆ ಕೊಡೋದು?"

"ಅದು ನುಂಗ್ತಾ ಇದೆ ನೋಡು" ಅಂದರು. "ನುಂಗೋವರ್ಗೂ ಕೊಡಣ."

ನುಂಗುತ್ತಲೇ ಇತ್ತು. ನಾಲ್ಕನೇ ದಿನ ತೆಳ್ಳಗಿನ ರಾಗಿ ಅಂಬಲಿ. ಐದನೇ ದಿನ ನಾನು ಬಸ್ಸಿಗೆ ಹೊರಟಿದ್ದೆ, ಅಡುಗೆಮನೆಯಿಂದ ಅತ್ತೆ ಕೂಗಿದರು: "ಸುಧಾ, ಬಾರೇ! ನೋಡು ಬಾ!"

ಓಡಿದೆ. ಡಬ್ಬದೊಳಗಿನ ಸೀರೆಯ ಮೇಲೆ ಹಿಕ್ಕೆ. ಗಟ್ಟಿ ಹಿಕ್ಕೆ, ಆರೋಗ್ಯವಂತ ಕೋಳಿಯ ಹಿಕ್ಕೆ! ಅತ್ತೆಯ ಮುಖ ನೋಡಬೇಕಿತ್ತು. "ಬಿಟ್ಬಿಡು" ಎಂದಿದ್ದ ಲೆಕ್ಕದ ಮೇಷ್ಟ್ರು ಬಗ್ಗಿ ನಿಂತು, ಮೂರು ಆಂಗಲ್‌ನಿಂದ ಅದರ ಫೋಟೋ ತೆಗೆದು ಡಾಕ್ಟರಿಗೆ ವಾಟ್ಸಾಪ್ ಮಾಡಿದರು. ನನಗೆ ಬಸ್ಸು ತಪ್ಪಿತು. ಹೆಡ್‌ಮಾಸ್ಟರಿಗೆ ಕಾರಣ ಹೇಳಲಿಲ್ಲ. (ಹೇಗೆ ಹೇಳಲಿ, ನೀವೇ ಹೇಳಿ?)

ಹನ್ನೊಂದನೇ ದಿನ ದೊಡ್ಡಮ್ಮ ಹಿತ್ತಲಿಗಿಳಿಯಿತು. ಹೆಜ್ಜೆ ಇನ್ನೂ ಓಲಾಡುತ್ತಿತ್ತು. ಮೊದಲು ಮಾಡಿದ ಕೆಲಸ, ತನ್ನನ್ನು ಕುಕ್ಕಿದ್ದ ಮರಿಯೊಂದನ್ನು ಹುಡುಕಿಕೊಂಡು ಹೋಗಿ ಕುಕ್ಕಿದ್ದು. ಗಲ್ಲಿಯ ಕಡೆಗೆ ಈಗ ಬಲೆ ಕಟ್ಟಿದ್ದೇವೆ. ಇನ್ನೊಂದು ವರ್ಷ ಬದುಕಿದರೆ ಹೆಚ್ಚು ಎಂದಿದ್ದಾರೆ ಡಾಕ್ಟರ್. ಇರಲಿ. ಮೊಟ್ಟೆ ಇಡುವುದಿಲ್ಲ. ಅದೂ ಇರಲಿ.

ಮೊನ್ನೆ ಏನೋ ಹುಡುಕುವಾಗ ಅತ್ತೆಯ ಹಳೆಯ ರೇಷನ್ ಕಾರ್ಡೊಂದು ಸಿಕ್ಕಿತು. ವೃತ್ತಿ ಎಂಬಲ್ಲಿ ಯಾರೋ ದುಂಡಗೆ ಬರೆದಿದ್ದಾರೆ: ಕೂಲಿ. ಇಪ್ಪತ್ತಾರು ವರ್ಷದ ಆ ಬೆರಳುಗಳಿಗೆ ಅಷ್ಟೇ ಹೆಸರು. ನನ್ನ ಡಿಗ್ರಿಗೆ ಗೋಡೆಯ ಮೇಲೆ ಫ್ರೇಮ್ ಇದೆ, ಆದರೆ ಆ ಗಂಟಿನೊಳಗೆ ಏನಿದೆ ಎಂದು ಅದಕ್ಕೆ ಗೊತ್ತಾಗಲಿಲ್ಲ. ಸ್ಕಿಲ್ಡ್, ಅನ್‌ಸ್ಕಿಲ್ಡ್ ಎಂದು ಗೆರೆ ಎಳೆದವರು ಯಾವತ್ತಾದರೂ ಒಂದು ಬೆಂದ ಗೂಡಿನಲ್ಲಿ ಎಳೆಯ ತುದಿ ಹುಡುಕಿ ನೋಡಿದ್ದಾರೆಯೇ?

ಭಾನುವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದು. ಹಿಂದಿನ ಗಲ್ಲಿಯ ಹೆಂಗಸೊಬ್ಬರು ಕಂಕುಳಲ್ಲಿ ಕೋಳಿ ಅವುಚಿಕೊಂಡು ನಿಂತಿದ್ದರು. ಅದರ ಕತ್ತಿನ ಬುಡ ಉಬ್ಬಿತ್ತು.

"ಪಶು ಆಸ್ಪತ್ರೆಗೆ ಹೋಗೋ ಮುಂಚೆ ಇಲ್ಲಿ ತೋರಿಸ್ಬೇಕಂತೆ, ಡಾಕ್ಟ್ರಮ್ಮನೇ ಹೇಳಿದ್ರು" ಅಂದರು. "ಕೈಯಲ್ಲಿ ಮುಟ್ಟಿ ನೋಡಿ ಹೇಳೋರು ಇದ್ದಾರಾ?"

"ಇದ್ದಾರೆ, ಬನ್ನಿ" ಅಂದೆ, "ನಮ್ಮತ್ತೆನೇ!"