ಖಾರದಂಗಡಿ ಚನ್ನಬಸಪ್ಪನವರ ಫ್ರೆಂಚ್

ಸವಣೂರಿನ ಖಾರದಂಗಡಿ ಚನ್ನಬಸಪ್ಪನವರು ಫ್ರೆಂಚ್ ಭಾಷೆಯನ್ನು ನಟ್ಟನಡುವಿನಿಂದ ಕಲಿತವರು. ಮೊದಲಿನ ಮೂವತ್ತು ಪಾಠಗಳನ್ನು ಊರವರು ಖಾರದ ಜೊತೆ ಕಟ್ಟಿಸಿಕೊಂಡು ಹೋಗಿದ್ದರು.

ನಮ್ಮ ಭಾಗ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯ ಸೇರಿದ ಹೊಸದು. ಹುಬ್ಬಳ್ಳಿಯಿಂದ ತೂಕಕ್ಕೆ ತಂದ ರದ್ದಿಯಲ್ಲಿ, ಇಂಗ್ಲಿಷಿನ ಮೂಲಕ ಫ್ರೆಂಚ್ ಕಲಿಸುವ ದಪ್ಪ ಪುಸ್ತಕವೊಂದಿತ್ತು. ದಿನಕ್ಕಿಷ್ಟು ಹಾಳೆ ಹರಿದು ಪೊಟ್ಟಣ ಕಟ್ಟುತ್ತಿದ್ದ ಚನ್ನಬಸಪ್ಪನವರ ಕಣ್ಣಿಗೆ ಒಂದು ದಿನ ಈ ಸಾಲು ಬಿತ್ತು: 'ಇಲ್ಲಿಗೆ ಆರಂಭದ ಹಂತ ಮುಗಿಯಿತು. ನೀವೀಗ ಮಧ್ಯಮ ಹಂತದ ವಿದ್ಯಾರ್ಥಿ.' ಮೆಟ್ರಿಕ್ಕಿನಲ್ಲಿ ಎರಡು ಸಲ ನಪಾಸಾದವರಿಗೆ ಪರೀಕ್ಷೆಯಿಲ್ಲದೆ ಪಾಸಾದ ಆನಂದ. ಹರಿಯುವುದನ್ನು ಅಲ್ಲಿಗೇ ನಿಲ್ಲಿಸಿದರು. ಹೋದ ಹಾಳೆ ಮರಳಿ ತಂದವರಿಗೆ ಒಂದು ಹಿಡಿ ಖಾರ ಹೆಚ್ಚು ಎಂದು ಸಾರಿದರು. ಹುಲಗೂರಿನವರೊಬ್ಬರು ಜೋಪಾನವಾಗಿ ತಂದದ್ದು ರೈಲಿನ ವೇಳಾಪಟ್ಟಿ. ಖಾರ ಅವರಿಗೂ ಸಿಕ್ಕಿತು.

ಉಚ್ಚಾರದ ನಿಯಮಗಳೂ ಪೊಟ್ಟಣವಾಗಿ ಹೋಗಿದ್ದರಿಂದ ಒಂದಕ್ಷರವನ್ನೂ ಬಿಡದೆ ಓದುತ್ತಿದ್ದರು. ಅವರ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ನಾನು ಹೈಸ್ಕೂಲಿನ ಇಂಗ್ಲಿಷ್ ಮಾಸ್ತರ. ಫ್ರೆಂಚರು ಎಷ್ಟೋ ಅಕ್ಷರ ನುಡಿಯುವುದೇ ಇಲ್ಲವಂತೆ ಎಂದೆ.

"ಹಂಗಾರ ಅವನ್ನ ಬರದಿದ್ದ್ಯಾಕ್ರಿ ಮಾಸ್ತರ? ಊಟಕ್ಕ ಕರದು, ಎಲಿ ಹಾಕಿ ಕುಂದರಿಸಿ, ಇವರಿಗೆ ನೀಡಬ್ಯಾಡ ಅಂದಂಗಾತು!"

ಅವರಿಗೆ ಬೇಕಾಗಿದ್ದದ್ದು ಒಂದೇ: ತಾವು ಆಡಿದ ಮಾತಿಗೆ ಯಾರಾದರೊಬ್ಬರು ಫ್ರೆಂಚಿನಲ್ಲಿ ಉತ್ತರ ಕೊಡಬೇಕು. ಇಬ್ಬರು ಸೇರಿ ಸಂಭಾಷಣೆ ಒಪ್ಪಿಸದೆ ಮುಂದಿನ ಪಾಠಕ್ಕೆ ಹೋಗಕೂಡದು, ತಾಯ್ನುಡಿಗೆ ಅನುವಾದ ಮಾಡಲೇಕೂಡದು ಎಂದು ಪುಸ್ತಕದ ಕಟ್ಟಪ್ಪಣೆ. ಮೊದಲು ನನ್ನನ್ನು ಎದುರಿಗೆ ಕೂರಿಸಿಕೊಂಡರು. ನಾನು ನಕ್ಕುಬಿಟ್ಟೆ. "ನಗೂದೆಲ್ಲಾ ಆರಂಭದ ಹಂತದಾಗ ಮುಗದಿರಬೇಕ್ರಿ," ಎಂದು ಎಬ್ಬಿಸಿ ಕಳಿಸಿದರು. ಹಾಗೆ ನಕ್ಕದ್ದಕ್ಕೆ ಇವತ್ತಿಗೂ ಮನಸ್ಸಿಗೆ ಕೆಡುಕೆನಿಸುತ್ತದೆ.

ಕೊನೆಗೆ ಸಿಕ್ಕವರು ಹೆಂಡತಿ ನೀಲವ್ವ. ಓದುಬರಹ ಬಾರದ ಆಕೆ ಕೇಳಿ ಕೇಳಿಯೇ ಬಾಯಿಪಾಠ ಮಾಡಿದರು. ಮಧ್ಯಾಹ್ನ ಅಂಗಡಿ ಬಾಗಿಲೆಳೆದು ಊಟಕ್ಕೆ ಕೂತಾಗ ಪಾಠ. ನಲವತ್ತನೆಯ ಪಾಠವೆಂದರೆ ಯಜಮಾನರಿಗೆ ಬಲು ಇಷ್ಟ, ಅದನ್ನು ದಿನವೂ ಒಪ್ಪಿಸಬೇಕು.

"ಎಲ್ಲೆ ಎಸ್ಟ್ ಫ್ರಾಯಿಡೆ, ಮದಾಮೆ!" ಎಂದು ಅವರು ಹುಬ್ಬು ಗಂಟಿಕ್ಕುವರು.

"ಜೆ ವೈಸ್ ಲಾ ರೆಚೌಫೆರ್, ಮೊನ್ಸಿಯೂರ್," ಎಂದು ನೀಲವ್ವ ರೊಟ್ಟಿ ಬಡಿಯುತ್ತಲೇ ಅನ್ನುವರು.

ಅರ್ಥ ಕೇಳಿದರೆ ಚನ್ನಬಸಪ್ಪನವರು ಪುಸ್ತಕದ ಅಪ್ಪಣೆ ತೋರಿಸುತ್ತಿದ್ದರು. ಒಮ್ಮೆ ಶಿಗ್ಗಾವಿಯ ಗಿರಾಕಿಯೊಬ್ಬ ಬಾಗಿಲ ಸಂದಿಯಿಂದ ಕೂಗಿದ: "ಬಿಡ್ರಿ ಯಜಮಾನ್ರ! ಹೆಣ್ಣಮಗಳು ಪಾಪ, ತಪ್ಪಾತು ಅನ್ನಾಕತ್ತಾಳ!"

ಮುಂದೆ ನನಗೆ ಹಿರೇಕೆರೂರಿಗೆ ವರ್ಗವಾಯಿತು. ಚನ್ನಬಸಪ್ಪನವರು ತೀರಿಕೊಂಡರೆಂಬ ಸುದ್ದಿ ಅಲ್ಲಿಗೆ ಬಂತು. ಮಾತನಾಡಿಸಿ ಬರಲು ಹೋದಾಗ ನೀಲವ್ವ ಆ ಪುಸ್ತಕ ತಂದು ಮುಂದಿಟ್ಟರು.

"ಈಗರ ಹೇಳ್ರಿ ಮಾಸ್ತರ. ಎಂಟ ವರ್ಷ ನಾ ಏನ ಅಂದ್ಕೋತ ಬಂದೇನಿ?"

ಕೊನೆಯ ಪುಟಗಳಲ್ಲಿ ಪಾಠಗಳ ಇಂಗ್ಲಿಷ್ ಅರ್ಥವಿತ್ತು. ನಲವತ್ತನೆಯದು ಹೋಟೆಲಿನ ಸಂಭಾಷಣೆ.

"'ಸಾರು ತಣ್ಣಗಾಗೇತಿ' ಅಂತ ಅವರು ಅಂತಿದ್ರು. 'ಈಗ ಕಾಸಿಕೊಂಡ ಬರ್ತೇನಿ' ಅಂತ ನೀವು," ಎಂದೆ.

ನೀಲವ್ವ ಪುಸ್ತಕ ಮುಚ್ಚಿ ಮಡಿಲಲ್ಲಿಟ್ಟುಕೊಂಡರು.

"ಪಾಠ ಮುಗಿಯೂದ್ರಾಗ ಸಾರು ಖರೇನ ತಣ್ಣಗಾಗತಿತ್ರಿ. ಕನ್ನಡದಾಗ ಒಂದ ಸಲ ಅಂದಿದ್ರ ಕಾಸಿ ಕೊಡತಿದ್ದಿಲ್ಲೇನು? ಎಂಥಾ ಹುಚ್ಚ ಮನಶ್ಯಾರ್ರಿ!" ಎಂದು ನಕ್ಕರು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು.

ಆಮೇಲೆ ನನಗೆ ಊಟಕ್ಕೆ ಬಡಿಸಿ ಎದುರಿಗೆ ಕೂತರು. ಬಟ್ಟಲ ಸಾರಿನಿಂದ ಹಬೆ ಏಳುತ್ತಿತ್ತು. ಸಮಾಧಾನ ಹೇಳುವ ಬದಲು ಬಟ್ಟಲನ್ನು ಅವರ ಕಡೆ ಸರಿಸಿದೆ.

"ಎಲ್ಲೆ ಎಸ್ಟ್ ಫ್ರಾಯಿಡೆ, ಮದಾಮೆ," ಎಂದೆ. ಈ ಸಲ ನಾನು ನಗಲಿಲ್ಲ.

"ಜೆ ವೈಸ್ ಲಾ ರೆಚೌಫೆರ್, ಮೊನ್ಸಿಯೂರ್," ಎಂದವರೇ ನೀಲವ್ವ ಬಟ್ಟಲೆತ್ತಿಕೊಂಡು ಒಲೆಯ ಕಡೆ ನಡೆದರು.